ಯಾವ ಅಂಗಡಿಯಲ್ಲಿ ಕೊಂಡರೆ ಯಾರಿಗೆ ಬಲ? ಲಿನಕ್ಸ್ ಆಟಗಳ ಜಮಾ-ಖರ್ಚು

ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಒಬ್ಬ ವಿದ್ಯಾರ್ಥಿನಿ ತನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಒಂದು ಆಟ ಕೊಳ್ಳಬೇಕೆಂದಿದ್ದಾಳೆ ಎಂದುಕೊಳ್ಳೋಣ. ಆಟದ ಹೆಸರು ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’. ಅದನ್ನು ಮಾಡಿದವರು ಪುಣೆಯವರೇ ಆದ ನಾಡಿಂಗ್ ಹೆಡ್ಸ್ ಗೇಮ್ಸ್. ಆಟ ಸ್ಟೀಮ್‌ನಲ್ಲಿ ಸಿಗುತ್ತದೆ, ಎಪಿಕ್ ಗೇಮ್ಸ್ ಸ್ಟೋರ್‌ನಲ್ಲಿ ಸಿಗುತ್ತದೆ, ಗಾಗ್‌ನಲ್ಲೂ ಸಿಗುತ್ತದೆ. ಮೂರೂ ಕಡೆ ಆಟ ಒಂದೇ, ಕೊಡುವ ದುಡ್ಡಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿರದು. ಆದರೆ ಆ ದುಡ್ಡು ಹೋಗಿ ಸೇರುವ ಜಾಗ ಬೇರೆ ಬೇರೆ. ಲಿನಕ್ಸ್‌ನಲ್ಲಿ ಆಡುವವರಿಗಾಗಿ ಕೆಲಸ ಮಾಡುವ ಜನರಿಗೆ ಅದರಿಂದ ಸಿಗುವ ಬಲವೂ ಬೇರೆ ಬೇರೆ. ಹತ್ತು ಹದಿನೈದು ವರ್ಷಗಳಿಂದ ಜಗತ್ತಿನ ಲಿನಕ್ಸ್ ಆಟಗಾರರು ಚರ್ಚಿಸುತ್ತಿರುವ ಈ ಪ್ರಶ್ನೆಯನ್ನು ಪುಣೆಯಲ್ಲಿ ನಿಂತು ಒಮ್ಮೆ ಇಡಿಯಾಗಿ ನೋಡಬೇಕು ಎನ್ನುವುದು ಈ ಬರಹದ ಉದ್ದೇಶ.

ಪುಣೆಗೂ ಲಿನಕ್ಸ್‌ಗೂ ಹಳೆಯ ನಂಟಿದೆ. ಇಲ್ಲಿಯ ವಿಶ್ವವಿದ್ಯಾಲಯದ ಕಂಪ್ಯೂಟರ್ ಎಂಜಿನಿಯರಿಂಗ್ ಪಠ್ಯಕ್ರಮ ಪ್ರಯೋಗಾಲಯದ ಕೆಲಸಕ್ಕೆ 64 ಬಿಟ್‌ನ ಮುಕ್ತ ಲಿನಕ್ಸ್ ಬಳಸಿ ಎಂದು ಬರೆದೇ ಹೇಳುತ್ತದೆ. ಸಿಒಇಪಿ ಕಾಲೇಜಿನಲ್ಲಿ ಮುಕ್ತ ತಂತ್ರಾಂಶ ಬಳಕೆದಾರರ ಬಳಗವಿದೆ. ಸಿಂಬಯಾಸಿಸ್‌ನ ಕಂಪ್ಯೂಟರ್ ಸಂಸ್ಥೆಯಲ್ಲಿ ನಡೆದುಬಂದ ಗ್ನೂನಿಫೈ ಮೇಳಕ್ಕೆ ಊರೂರಿಂದ ಹುಡುಗರು ಬರುತ್ತಿದ್ದರು. ಕನ್ನಡಿಗರು ನೆನೆಯಬೇಕಾದ ಇನ್ನೊಂದು ಸಂಗತಿಯೂ ಇದೆ. ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ನಾವು ಕನ್ನಡ ಓದಿದ್ದು ಲೋಹಿತ್ ಕನ್ನಡ ಎಂಬ ಫಾಂಟಿನಲ್ಲಿ. ಅದರ ಮೂಲ ಪುಣೆಯ ಮಾಡ್ಯುಲರ್ ಇನ್ಫೋಟೆಕ್. ಮುಂದೆ ಅದನ್ನು ತಿದ್ದಿ ಬೆಳೆಸಿದ್ದು ರೆಡ್ ಹ್ಯಾಟ್ ಕಂಪನಿಯ ಪುಣೆ ಕಚೇರಿಯ ಎಂಜಿನಿಯರುಗಳು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಯ ಹಿಂಜವಡಿಗೆ ಬಂದು ದುಡಿಯುವ ಎಷ್ಟೋ ಕನ್ನಡಿಗರ ಕಂಪ್ಯೂಟರಿನಲ್ಲಿ ಇಂದಿಗೂ ಲಿನಕ್ಸ್ ಇದೆ.

ಗೇಮಿಂಗ್‌ನಲ್ಲೂ ಈ ಊರು ಹಿಂದೆ ಬಿದ್ದಿಲ್ಲ. ಯೂಬಿಸಾಫ್ಟ್ 2008ರಲ್ಲಿ ಗೇಮ್‌ಲಾಫ್ಟ್‌ನಿಂದ ಇಲ್ಲಿಯ ಸ್ಟುಡಿಯೋ ಕೊಂಡಿತು. ‘ಇಂಡಸ್’ ಎಂಬ ಬ್ಯಾಟಲ್ ರಾಯಲ್ ಆಟವನ್ನು 2024ರಲ್ಲಿ ಹೊರತಂದ ಸೂಪರ್‌ಗೇಮಿಂಗ್ ಇಲ್ಲಿಯದೇ, ಅದರ ಮಾರುಕಟ್ಟೆ ಮೊಬೈಲ್. ಕಂಪ್ಯೂಟರ್ ಆಟದ ಮಟ್ಟಿಗೆ ಪುಣೆಯ ಹೆಸರನ್ನು ಹೊರಗೆ ಒಯ್ದದ್ದು ರಾಜಿ. 2017ರಲ್ಲಿ ಅದರ ಕಿಕ್‌ಸ್ಟಾರ್ಟರ್ ನಿಧಿಸಂಗ್ರಹ ಗುರಿ ಮುಟ್ಟಲಿಲ್ಲ. ತಂಡ ಕೈಚೆಲ್ಲಿ ಕೂರಲಿಲ್ಲ. 2020ರ ಆಗಸ್ಟ್‌ನಲ್ಲಿ ನಿಂಟೆಂಡೊ ಸ್ವಿಚ್‌ಗೆ, ಅಕ್ಟೋಬರ್‌ನಲ್ಲಿ ಕಂಪ್ಯೂಟರಿಗೆ ಆಟ ಬಂತು. ಅದೇ ವರ್ಷ ದಿ ಗೇಮ್ ಅವಾರ್ಡ್ಸ್‌ನ ಚೊಚ್ಚಲ ಆಟದ ವಿಭಾಗದಲ್ಲಿ ನಾಮನಿರ್ದೇಶನವನ್ನೂ ಪಡೆಯಿತು. ಆದರೆ ಅದಕ್ಕೆ ಪ್ರತ್ಯೇಕ ಲಿನಕ್ಸ್ ಆವೃತ್ತಿ ಇಲ್ಲ. ಲಿನಕ್ಸ್‌ನವರು ಆಡಬೇಕೆಂದರೆ ವಿಂಡೋಸ್ ಆವೃತ್ತಿಯನ್ನೇ ಪ್ರೋಟಾನ್ ಎಂಬ ಹೊಂದಾಣಿಕೆಯ ಪದರದ ಮೂಲಕ ನಡೆಸಬೇಕು. ಹೀಗಾಗಿ ಆ ವಿದ್ಯಾರ್ಥಿನಿಯ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ.

ಮೊದಲು ದುಡ್ಡಿನ ದಾರಿ. ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಆಟದ ಬೆಲೆ ₹590 ಎಂದಿಟ್ಟುಕೊಳ್ಳೋಣ. ಅದರಲ್ಲಿ ಶೇ. 18ರ ಜಿಎಸ್‌ಟಿ ₹90. ಉಳಿದ ₹500ರಲ್ಲಿ ಸ್ಟೀಮ್ ನೂರಕ್ಕೆ ಮೂವತ್ತರಂತೆ ₹150 ಇಟ್ಟುಕೊಂಡು ₹350 ಕೊಡುತ್ತದೆ. 2018ರ ಅಕ್ಟೋಬರ್‌ನಿಂದ ಈ ದರದಲ್ಲಿ ಮೆಟ್ಟಿಲುಗಳಿವೆ. ಒಂದು ಆಟದ ವಹಿವಾಟು 1 ಕೋಟಿ ಡಾಲರ್ ದಾಟಿದರೆ ಅಲ್ಲಿಂದ ಮುಂದಕ್ಕೆ ಶೇ. 25, 5 ಕೋಟಿ ಡಾಲರ್ ದಾಟಿದರೆ ಶೇ. 20. ಅಂದರೆ ರಿಯಾಯಿತಿ ಸಿಗುವುದು ದೊಡ್ಡವರಿಗೆ, ಸಣ್ಣ ತಂಡ ಕೊಡುವುದು ಪೂರ್ತಿ ಮೂವತ್ತು. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. 2018ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದ ಎಪಿಕ್ ಕೇಳಿದ್ದು ಶೇ. 12. ಅಲ್ಲಿ ಅದೇ ₹500ರಲ್ಲಿ ತಯಾರಕರಿಗೆ ₹440 ಉಳಿಯುತ್ತದೆ. 2025ರಿಂದ ಪ್ರತಿ ಆಟಕ್ಕೆ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ ಎಪಿಕ್ ಏನನ್ನೂ ಮುರಿದುಕೊಳ್ಳುವುದಿಲ್ಲ. ಅದರ ಮೇಲೆ, ರಾಜಿಯಂತೆ ಅನ್‌ರಿಯಲ್ ಎಂಜಿನ್‌ನಲ್ಲಿ ಮಾಡಿದ ಆಟಕ್ಕೆ ಗಳಿಕೆ ಒಂದು ಮಟ್ಟ ದಾಟಿದ ಮೇಲೆ ತೆರಬೇಕಾದ ಶೇ. 5 ರಾಯಧನವೂ ಎಪಿಕ್ ಅಂಗಡಿಯ ಮಾರಾಟಕ್ಕೆ ಮಾಫಿ. ಇಚ್.ಐಒ ಎಂಬ ಸಣ್ಣ ಅಂಗಡಿಯಲ್ಲಂತೂ ಪಾಲು ಎಷ್ಟೆಂದು ತಯಾರಕರೇ ನಿರ್ಧರಿಸಬಹುದು. ಯಾರೂ ಬದಲಿಸದಿದ್ದರೆ ಅದು ಶೇ. 10, ಬೇಕೆಂದರೆ ಸೊನ್ನೆಗೂ ಇಳಿಸಬಹುದು.

ಅಂಗಡಿಯ ಪಾಲು ಕಳೆದು ಉಳಿದದ್ದೆಲ್ಲ ತಯಾರಕರ ಕೈಗೇ ಬರುತ್ತದೆ ಎಂದೂ ಅಲ್ಲ. ನಡುವೆ ಪ್ರಕಾಶಕರಿದ್ದರೆ ಅವರ ಪಾಲಿದೆ. ಭಾರತದ ತಂಡವೊಂದು ಅಮೆರಿಕದಲ್ಲಿ ಮಾಡಿದ ಮಾರಾಟಕ್ಕೆ ಅಲ್ಲಿಯೇ ತೆರಿಗೆ ಮುರಿದುಕೊಳ್ಳುತ್ತಾರೆ. ಎರಡು ದೇಶಗಳ ತೆರಿಗೆ ಒಪ್ಪಂದದ ನಮೂನೆ ತುಂಬಿಕೊಟ್ಟರೆ ಆ ದರ ಶೇ. 30ರಿಂದ 15ಕ್ಕೆ ಇಳಿಯುತ್ತದೆ. ಮೊದಲ ಆಟ ಮಾರಲು ಹೊರಟ ಹುಡುಗರು ಈ ಕಾಗದವನ್ನು ತಪ್ಪದೆ ತುಂಬಬೇಕು.

ಬರೀ ದುಡ್ಡು ನೋಡಿದರೆ ಎಪಿಕ್ ಗೆದ್ದಂತೆ. ಆದರೆ ಲಿನಕ್ಸ್‌ಗೆ ಸಿಗುವ ಬೆಂಬಲದ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಒಂದು ಖರೀದಿಯಿಂದ ಎರಡು ಕೆಲಸ ಆಗುತ್ತವೆ. ತಯಾರಕರ ಕೈಗೆ ದುಡ್ಡು ಸೇರುತ್ತದೆ, ಜೊತೆಗೆ ಅಂಗಡಿಯ ವರದಿಯಲ್ಲಿ ಕೊಂಡವರು ಯಾವ ವ್ಯವಸ್ಥೆಯವರು ಎಂಬ ನಮೂದು ಬೀಳುತ್ತದೆ. ಮುಂದಿನ ಆಟವನ್ನು ಲಿನಕ್ಸ್‌ನಲ್ಲಿ ಪರೀಕ್ಷಿಸಬೇಕೇ, ಅದಕ್ಕೊಬ್ಬ ಎಂಜಿನಿಯರನ್ನು ಇಟ್ಟುಕೊಳ್ಳಬೇಕೇ ಎಂದು ನಿರ್ಧರಿಸುವುದು ಈ ಎರಡನೆಯ ನಮೂದು. ಲೆಕ್ಕಕ್ಕೇ ಸಿಗದ ಗಿರಾಕಿಗಾಗಿ ಯಾವ ಸ್ಟುಡಿಯೋವೂ ಖರ್ಚು ಮಾಡುವುದಿಲ್ಲ. ಲಿನಕ್ಸ್ ಗೇಮಿಂಗ್‌ನ ಚರಿತ್ರೆ ಉದ್ದಕ್ಕೂ ಹೇಳುವುದು ಇದನ್ನೇ.

ಲೋಕಿ ಸಾಫ್ಟ್‌ವೇರ್ ಎಂಬ ಅಮೆರಿಕದ ಕಂಪನಿ 1998ರಲ್ಲಿ ಹುಟ್ಟಿದ್ದು ವಿಂಡೋಸ್ ಆಟಗಳನ್ನು ಲಿನಕ್ಸ್‌ಗೆ ತಂದು ಡಬ್ಬಿಯಲ್ಲಿ ಮಾರಲೆಂದೇ. ‘ಸಿವಿಲೈಸೇಶನ್: ಕಾಲ್ ಟು ಪವರ್’ ಅದರ ಮೊದಲ ಆಟ. ‘ಕ್ವೇಕ್ 3’ರ ಲಿನಕ್ಸ್ ಡಬ್ಬಿಯನ್ನೂ ಅದೇ ಮಾರಿತು. ಆದರೆ ವಿಂಡೋಸ್ ಡಬ್ಬಿ ಅಂಗಡಿಗೆ ಮೊದಲೇ ಬಂದಿತ್ತು. ಕಾಯಲಾರದ ಲಿನಕ್ಸ್ ಅಭಿಮಾನಿಗಳು ಅದನ್ನೇ ಕೊಂಡರು, ಲಿನಕ್ಸ್‌ಗೆ ಬೇಕಾದ ಕಡತವನ್ನು ಅಂತರ್ಜಾಲದಿಂದ ಪುಕ್ಕಟೆ ಇಳಿಸಿಕೊಂಡರು. ಅವರು ಆಡಿದ್ದು ಲಿನಕ್ಸ್‌ನಲ್ಲಿ, ಮಾರಾಟ ದಾಖಲಾದದ್ದು ವಿಂಡೋಸ್ ಖಾತೆಯಲ್ಲಿ. ಲೋಕಿ 2001ರಲ್ಲಿ ದಿವಾಳಿ ಅರ್ಜಿ ಹಾಕಿ 2002ರ ಜನವರಿಯಲ್ಲಿ ಮುಚ್ಚಿತು. ಅಭಿಮಾನ ಎಷ್ಟಿದ್ದರೇನು, ದುಡ್ಡು ಸರಿಯಾದ ಕೈಗೆ ಸೇರಲಿಲ್ಲ. ಆದರೂ ಲೋಕಿಯ ದುಡಿಮೆ ಪೂರ್ತಿ ವ್ಯರ್ಥವಾಗಲಿಲ್ಲ. ಅಲ್ಲಿದ್ದ ಸ್ಯಾಮ್ ಲ್ಯಾಂಟಿಂಗಾ ಬರೆದ ಎಸ್‌ಡಿಎಲ್ ಎಂಬ ಮುಕ್ತ ತಂತ್ರಾಂಶ ಇವತ್ತಿಗೂ ಲೆಕ್ಕವಿಲ್ಲದಷ್ಟು ಆಟಗಳ ತಳಪಾಯ. ಅವರು ಮುಂದೆ ಸ್ಟೀಮ್‌ನ ಒಡೆಯ ವಾಲ್ವ್ ಸೇರಿದರು.

ಅಂಕಿಗಳ ಬಲ ಏನೆಂದು ತೋರಿಸಿಕೊಟ್ಟದ್ದು 2010ರ ಮೇ ತಿಂಗಳ ಹಂಬಲ್ ಇಂಡೀ ಬಂಡಲ್. ‘ವರ್ಲ್ಡ್ ಆಫ್ ಗೂ’, ‘ಅಕ್ವೇರಿಯಾ’ ಮೊದಲಾದ ಆಟಗಳ ಕಟ್ಟಿಗೆ ಎಷ್ಟು ಬೇಕಾದರೂ ಕೊಡಿ ಎಂದರು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಆಟ ಕೊಟ್ಟರು, ಯಾರು ಎಷ್ಟು ಕೊಟ್ಟರು ಎಂಬುದನ್ನು ಎಲ್ಲರಿಗೂ ಕಾಣುವಂತೆ ಪುಟದ ಮೇಲೆ ಹಾಕಿದರು. ಲಿನಕ್ಸ್‌ನವರು ಬಿಟ್ಟಿ ಗಿರಾಕಿಗಳು ಎಂದು ನಂಬಿದ್ದವರಿಗೆಲ್ಲ ಅಲ್ಲೇ ಉತ್ತರ ಸಿಕ್ಕಿತು. ಸರಾಸರಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟವರು ಲಿನಕ್ಸ್ ಬಳಕೆದಾರರು, ವಿಂಡೋಸ್‌ನವರಿಗಿಂತ ಎದ್ದು ಕಾಣುವಷ್ಟು ಹೆಚ್ಚು. ಸಂಗ್ರಹ 10 ಲಕ್ಷ ಡಾಲರ್ ಮುಟ್ಟಿದಾಗ ಕೆಲವು ತಯಾರಕರು ತಮ್ಮ ಆಟದ ಆಕರ ಸಂಕೇತವನ್ನೇ ಬಿಟ್ಟುಕೊಟ್ಟರು. ಮುಂದೆ ಆ ಹುರುಪು ಉಳಿಯಲಿಲ್ಲ. 2012ರ ಟಿಎಚ್‌ಕ್ಯೂ ಕಟ್ಟು ವಿಂಡೋಸ್‌ಗೆ ಮಾತ್ರ ಬಂತು, 2017ರಲ್ಲಿ ಹಂಬಲ್ ಐಜಿಎನ್ ಕೈ ಸೇರಿತು. ಆದರೆ ಆ ಮೊದಲ ಪುಟದ ಅಂಕಿ ನೋಡಿ ಲಿನಕ್ಸ್ ಆವೃತ್ತಿ ಮಾಡಲು ಮನಸ್ಸು ಮಾಡಿದ ಸಣ್ಣ ತಂಡಗಳು ಅನೇಕ.

ನಮ್ಮ ದೇಶದಲ್ಲೂ ಅಂಥದೊಂದು ಉದಾಹರಣೆ ಇದೆ. ಭೋಪಾಲದ ಪೈರೋಡ್ಯಾಕ್ಟಿಲ್ ಎಂಬ ಪುಟ್ಟ ತಂಡ 2014ರಲ್ಲಿ ಹೊರತಂದ ‘ಅನ್‌ರೆಸ್ಟ್’ ಪ್ರಾಚೀನ ಭಾರತವನ್ನು ಹೋಲುವ ಬರಪೀಡಿತ ನಾಡಿನ ಕತೆ. ಅದು ವಿಂಡೋಸ್, ಮ್ಯಾಕ್‌ಗಳ ಜೊತೆಗೆ ಲಿನಕ್ಸ್‌ಗೂ ಬಂತು. ಭಾರತೀಯ ತಂಡಗಳಿಗೆ ಇದು ಸಾಧ್ಯವೇ ಎಂದು ಕೇಳುವವರಿಗೆ ಆ ಆಟವೇ ಉತ್ತರ.

ಈಗ ಸ್ಟೀಮ್‌ಗೆ ಬರೋಣ. ವಿಷಯದ ತಿರುಳು ಇರುವುದು ಇಲ್ಲಿ. ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್ ತನ್ನದೇ ಅಂಗಡಿ ತೆರೆದು ಉಳಿದವರ ದಾರಿ ಮುಚ್ಚೀತು ಎಂಬ ಅಂಜಿಕೆ ವಾಲ್ವ್‌ಗೆ ಇತ್ತು. ಹೀಗಾಗಿ 2013ರ ಫೆಬ್ರವರಿ 14ರಂದು ಲಿನಕ್ಸ್‌ಗೆ ಸ್ಟೀಮ್ ಬಂತು. 2015ರಲ್ಲಿ ಬಂದ, ಲಿನಕ್ಸ್ ಆಧಾರಿತ ಸ್ಟೀಮ್ ಮಷೀನ್ ಎಂಬ ಆಟದ ಕಂಪ್ಯೂಟರುಗಳು ಕೈಕೊಟ್ಟವು. ವಾಲ್ವ್ ಬಿಡಲಿಲ್ಲ. 2018ರ ಆಗಸ್ಟ್‌ನಲ್ಲಿ ಅದು ಪ್ರೋಟಾನ್ ಬಿಡುಗಡೆ ಮಾಡಿತು. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸಲೆಂದು 1993ರಿಂದ ಬೆಳೆದುಬಂದ ವೈನ್ ಯೋಜನೆಯ ಮೇಲೆ, ಕೋಡ್‌ವೀವರ್ಸ್ ಕಂಪನಿಯ ಜೊತೆಗೂಡಿ ಕಟ್ಟಿದ್ದು ಅದು. ಅದರ ಒಂದು ಮುಖ್ಯ ಭಾಗವಾದ ಡಿಎಕ್ಸ್‌ವಿಕೆಯನ್ನು ಫಿಲಿಪ್ ರೆಬೋಲೆ ಎಂಬ ಜರ್ಮನ್ ತರುಣ ಶುರು ಮಾಡಿದ್ದು ತನಗೆ ‘ನಿಯರ್: ಆಟೊಮೇಟಾ’ ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕಿತ್ತು ಎಂದು. ವಾಲ್ವ್ ಅವರಿಗೆ ಸಂಬಳ ಕೊಟ್ಟು ಕೆಲಸ ಮುಂದುವರಿಸಲು ಹೇಳಿತು.

ಸ್ಟೀಮ್‌ನಲ್ಲಿ ಆಟವೊಂದು ಯಾವ ವ್ಯವಸ್ಥೆಯ ಲೆಕ್ಕಕ್ಕೆ ಸೇರುತ್ತದೆ? ಇದರ ನಿಯಮವನ್ನು ಪ್ರತಿಯೊಬ್ಬ ಲಿನಕ್ಸ್ ಆಟಗಾರನೂ ತಿಳಿದಿರಬೇಕು. ಯಾವ ಕಂಪ್ಯೂಟರಿನಲ್ಲಿ ದುಡ್ಡು ಕಟ್ಟಿದಿರಿ ಎನ್ನುವುದಕ್ಕಿಂತ, ಕೊಂಡ ನಂತರದ ಸುಮಾರು ಎರಡು ವಾರ ಯಾವ ವ್ಯವಸ್ಥೆಯಲ್ಲಿ ಹೆಚ್ಚು ಹೊತ್ತು ಆಡಿದಿರಿ ಎನ್ನುವುದಕ್ಕೆ ಬೆಲೆ. ಆ ಅವಧಿಯಲ್ಲಿ ಆಡದೇ ಇದ್ದರೆ ಮಾತ್ರ ಕೊಂಡ ವ್ಯವಸ್ಥೆಯ ಹೆಸರು ನಿಲ್ಲುತ್ತದೆ. ಪ್ರೋಟಾನ್ ಮೂಲಕ ಆಡಿದರೂ ಅದು ಲಿನಕ್ಸ್ ಮಾರಾಟವೇ. ರಾಜಿಯಂಥ, ಲಿನಕ್ಸ್ ಆವೃತ್ತಿಯೇ ಇಲ್ಲದ ಆಟದ ವರದಿಯಲ್ಲೂ ಲಿನಕ್ಸ್ ಎಂಬ ಸಾಲು ಕಾಣಿಸಿಕೊಳ್ಳುವುದು ಹೀಗೆ.

ಪುಣೆಯ ಹಾಸ್ಟೆಲ್ ಕೋಣೆಗಳಲ್ಲಿ ಈ ನಿಯಮ ಎಡವುವುದು ಎಲ್ಲಿ ಎಂದು ನೋಡಿ. ಹುಡುಗರ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಎರಡೂ ವ್ಯವಸ್ಥೆಗಳಿರುತ್ತವೆ. ಓದಿಗೆ ಉಬುಂಟು ಅಥವಾ ಫೆಡೋರಾ, ಆಟಕ್ಕೆ ವಿಂಡೋಸ್. ಅದಕ್ಕೆ ಮುಖ್ಯ ಕಾರಣ ವ್ಯಾಲರಂಟ್ ಎಂಬ ಆನ್‌ಲೈನ್ ಆಟ. ಗೆಳೆಯರೆಲ್ಲ ಅದನ್ನಾಡುತ್ತಾರೆ, ಅದರ ಕಳ್ಳಾಟ ತಡೆಯುವ ವ್ಯಾನ್‌ಗಾರ್ಡ್ ತಂತ್ರಾಂಶ ಲಿನಕ್ಸ್‌ನಲ್ಲಿ ಓಡುವುದಿಲ್ಲ. ವಿಂಡೋಸ್‌ಗೆ ಒಮ್ಮೆ ಹೋದವರು ಹೊಸದಾಗಿ ಕೊಂಡ ಆಟವನ್ನೂ ಅಲ್ಲೇ ಇಳಿಸಿಕೊಳ್ಳುತ್ತಾರೆ. ಇಲ್ಲವೇ ಗೇಮಿಂಗ್ ಕೆಫೆಗೆ ಹೋಗಿ ತಮ್ಮ ಸ್ಟೀಮ್ ಖಾತೆ ತೆರೆದು ಆಡುತ್ತಾರೆ, ಅಲ್ಲಿಯೂ ವಿಂಡೋಸ್. ಎರಡು ವಾರ ಕಳೆಯುವ ಹೊತ್ತಿಗೆ ಲಿನಕ್ಸ್ ಪ್ರೇಮಿಯೊಬ್ಬನ ಖರೀದಿ ವಿಂಡೋಸ್ ಖಾತೆಗೆ ಜಮೆಯಾಗಿರುತ್ತದೆ. ಕ್ವೇಕ್ 3ರ ಕಾಲದಲ್ಲಿ ಆದದ್ದು ಇದೇ. ಆಗ ಡಬ್ಬಿಯಿಂದಾಗಿ ಆಯಿತು, ಈಗ ಆಡಿದ ಗಂಟೆಗಳಿಂದಾಗಿ ಆಗುತ್ತಿದೆ.

ಲಿನಕ್ಸ್‌ನಲ್ಲಿ ಆಡುವುದು ಈಗ ಅಷ್ಟೇನೂ ಕಷ್ಟವಲ್ಲ. ಸ್ಟೀಮ್ ಲೈಬ್ರರಿಯಲ್ಲಿ ಆಟದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿ ಎಂಬಲ್ಲಿ ಒಂದು ಗುರುತು ಹಾಕಿ ಪ್ರೋಟಾನ್‌ನ ಆವೃತ್ತಿ ಆರಿಸಿದರೆ ಸಾಕು. ಮೊದಲ ಸಲ ತೆರೆದಾಗ ಶೇಡರ್‌ಗಳನ್ನು ಸಿದ್ಧಪಡಿಸಲು ತುಸು ಹೊತ್ತು ತೆಗೆದುಕೊಳ್ಳುತ್ತದೆ, ಆಮೇಲೆ ಆಟ ಶುರು. ಓಡದಿದ್ದರೆ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಈ ಸೌಲಭ್ಯ 2015ರಿಂದ ಇದೆ. ಅದೇ ವರ್ಷ ಸ್ಟೀಮ್ ರೂಪಾಯಿಯಲ್ಲಿ ಬೆಲೆ ತೋರಿಸಲು ಶುರು ಮಾಡಿತು. ನಮ್ಮ ಹುಡುಗರು ಕಳ್ಳಪ್ರತಿ ಬಿಟ್ಟು ಆಟ ಕೊಳ್ಳಲು ಆರಂಭಿಸಿದ್ದರಲ್ಲಿ ಆ ಬದಲಾವಣೆಯ ಪಾತ್ರ ದೊಡ್ಡದು.

ಪ್ರೋಟಾನ್‌ನಿಂದ ಒಳಿತೇ ಆಯಿತೇ ಎಂದು ಕೇಳಿದರೆ, ಎಲ್ಲರಿಗೂ ಅಲ್ಲ. ಅದಕ್ಕೂ ಮುಂಚೆ ಬ್ರಿಟನ್ನಿನ ಫೆರಲ್ ಇಂಟರ್ಯಾಕ್ಟಿವ್ ‘ಎಕ್ಸ್‌ಕಾಮ್’, ‘ಟೂಂಬ್ ರೇಡರ್’, ‘ಟೋಟಲ್ ವಾರ್’ ಸರಣಿಗಳನ್ನು ಲಿನಕ್ಸ್‌ಗೆ ತರುತ್ತಿತ್ತು. ಇಂಥ ಕಂಪನಿಗಳ ಜೀವನ ನಡೆಯುವುದು ಲಿನಕ್ಸ್ ಪ್ರತಿಗಳ ಮಾರಾಟದಿಂದ. ವಿಂಡೋಸ್ ಆವೃತ್ತಿಯೇ ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುವಾಗ ತಿಂಗಳುಗಟ್ಟಲೆ ಕಾದು ಲಿನಕ್ಸ್‌ಗೆ ಮಾರ್ಪಡಿಸಿದ ಪ್ರತಿಯನ್ನು (ಪೋರ್ಟ್) ಕೊಳ್ಳುವವರು ಯಾರು? ಫೆರಲ್‌ನ ಗಮನ ಕ್ರಮೇಣ ಮೊಬೈಲ್ ಕಡೆ ಹೊರಳಿತು. ಪೋರ್ಟಿಂಗ್ ಎಂಬ ಕಸುಬೇ ಬಡವಾಯಿತು, ಅದು ನಿಜವಾದ ನಷ್ಟ. ಲಿನಕ್ಸ್‌ಗೆಂದೇ ಪ್ರತ್ಯೇಕ (ನೇಟಿವ್) ಆವೃತ್ತಿ ಮಾಡುತ್ತಿದ್ದ ಸಣ್ಣ ತಂಡಗಳೂ ‘ಹೇಗಿದ್ದರೂ ಪ್ರೋಟಾನ್ ಇದೆಯಲ್ಲ’ ಎಂದು ಕೈಬಿಡುವುದುಂಟು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂದೂ ನೋಡಬೇಕು. ವಾಲ್ವ್ ನೂರಕ್ಕೂ ಹೆಚ್ಚು ಮುಕ್ತ ತಂತ್ರಾಂಶ ಡೆವಲಪರ್‌ಗಳಿಗೆ ಹಣ ಕೊಡುತ್ತಿದೆ ಎಂದು ಅದರ ಎಂಜಿನಿಯರ್ ಪಿಯೆರ್-ಲೂ ಗ್ರಿಫೇ 2022ರ ಕೊನೆಯಲ್ಲಿ ಹೇಳಿದರು. ಮೆಸಾ ಗ್ರಾಫಿಕ್ಸ್ ಡ್ರೈವರ್, ವಲ್ಕನ್, ಪ್ರೋಟಾನ್, ಸ್ಟೀಮ್ ಎಲ್ಲದರ ಮೇಲೂ ಅವರ ಕೆಲಸ. 2024ರಲ್ಲಿ ಆರ್ಚ್ ಲಿನಕ್ಸ್ ಯೋಜನೆಗೂ ವಾಲ್ವ್ ನೆರವು ಕೊಡಲು ಮುಂದಾಯಿತು. ಸ್ಟೀಮ್ ಇಟ್ಟುಕೊಳ್ಳುವ ಆ ₹150 ಎಲ್ಲವೂ ಲಿನಕ್ಸ್‌ಗೆ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ವಾಲ್ವ್ ಲಾಭಕ್ಕೇ ಇರುವ ಕಂಪನಿ. ಆದರೆ ಅದರಲ್ಲಿ ಒಂದು ಪಾಲು ಲಿನಕ್ಸ್‌ನ ಬುಡಕ್ಕೆ ಹೋಗುತ್ತಿದೆ, ಅದರ ಫಲ ಸ್ಟೀಮ್‌ನ ಮುಖವನ್ನೇ ನೋಡದವರಿಗೂ ಸಿಗುತ್ತಿದೆ. 2022ರ ಫೆಬ್ರವರಿಯಲ್ಲಿ ವಾಲ್ವ್‌ನ ಸ್ಟೀಮ್ ಡೆಕ್ ಎಂಬ, ಕೈಯಲ್ಲಿ ಹಿಡಿದು ಆಡುವ ಲಿನಕ್ಸ್ ಸಾಧನ ಬಂದ ಮೇಲಂತೂ ಲಿನಕ್ಸ್‌ನಲ್ಲಿ ಆಟ ಓಡುತ್ತದೆಯೇ ಎಂದು ತಯಾರಕರೇ ಕಾಳಜಿಯಿಂದ ಪರೀಕ್ಷಿಸುವ ಕಾಲ ಬಂತು. ಭಾರತದಲ್ಲಿ ಡೆಕ್ ಅಧಿಕೃತವಾಗಿ ಮಾರಾಟಕ್ಕಿಲ್ಲ, ಹೊರಗಿನಿಂದ ತರಿಸಿದ್ದನ್ನು ಹೆಚ್ಚಿನ ಬೆಲೆಗೆ ಕೊಳ್ಳಬೇಕು. ಆದರೂ ಅದರ ಪುಣ್ಯದಿಂದ ಪುಣೆಯ ಹಳೆಯ ಲ್ಯಾಪ್‌ಟಾಪಿನಲ್ಲೂ ಆಟ ಓಡುತ್ತದೆ. ಸ್ಟೀಮ್‌ನ ಯಂತ್ರಾಂಶ ಸಮೀಕ್ಷೆಯಲ್ಲಿ ವರ್ಷಗಟ್ಟಲೆ ಶೇ. 1ರ ಆಸುಪಾಸಿನಲ್ಲಿದ್ದ ಲಿನಕ್ಸ್ 2025ರ ಅಕ್ಟೋಬರ್‌ನಲ್ಲಿ ಶೇ. 3 ದಾಟಿತು.

ಎಪಿಕ್ ವಿಷಯದಲ್ಲಿ ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಅನ್ಯಾಯ. ಅದರ ಅಂಗಡಿಗೆ ಲಿನಕ್ಸ್ ಲಾಂಚರ್ ಇಲ್ಲ. ಹಿರೋಯಿಕ್ ಎಂಬ, ಹೊರಗಿನವರು ಕಟ್ಟಿದ ಮುಕ್ತ ತಂತ್ರಾಂಶದಿಂದ ಎಪಿಕ್‌ನ ಆಟಗಳನ್ನು ಲಿನಕ್ಸ್‌ನಲ್ಲಿ ಆಡಬಹುದು, ಆದರೆ ಲಿನಕ್ಸ್ ಗಿರಾಕಿ ಎಂಬ ನಮೂದಿಗೇ ಅಲ್ಲಿ ಜಾಗವಿಲ್ಲ. ಎಪಿಕ್ 2019ರಲ್ಲಿ ಕೊಂಡ ಸಯಾನಿಕ್ಸ್ ಕಂಪನಿ 2020ರ ಮಾರ್ಚ್‌ನಲ್ಲಿ ‘ರಾಕೆಟ್ ಲೀಗ್’ನ ಲಿನಕ್ಸ್ ಮತ್ತು ಮ್ಯಾಕ್ ಆವೃತ್ತಿಗಳನ್ನು ನಿಲ್ಲಿಸಿತು. ಎರಡೂ ಸೇರಿ ಸಕ್ರಿಯ ಆಟಗಾರರಲ್ಲಿ ಶೇ. 0.3ಕ್ಕಿಂತ ಕಡಿಮೆ ಎಂಬುದು ಅವರು ಕೊಟ್ಟ ಅಂಕಿ. ಅಂಕಿ ಚಿಕ್ಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಅದೇ ಎಪಿಕ್ 2020ರಲ್ಲಿ ಗೊಡಾಟ್ ಎಂಜಿನ್‌ಗೆ 2.5 ಲಕ್ಷ ಡಾಲರ್ ಕೊಟ್ಟಿತು, ಲಿನಕ್ಸ್‌ಗೆಂದೇ ಇರುವ ಲೂಟ್ರಿಸ್ ಯೋಜನೆಗೆ 25 ಸಾವಿರ ಡಾಲರ್ ಕೊಟ್ಟಿತು. 2021ರಲ್ಲಿ ತನ್ನ ಈಸಿ ಆ್ಯಂಟಿ-ಚೀಟ್ ತಂತ್ರಾಂಶವನ್ನು ಪ್ರೋಟಾನ್‌ಗೂ ಹೊಂದಿಸಿತು. ಒಂದು ಕೈಯಲ್ಲಿ ಕೊಟ್ಟಿದೆ, ಅಂಗಡಿಯ ಬಾಗಿಲನ್ನು ಮಾತ್ರ ತೆರೆದಿಲ್ಲ.

ಕಳ್ಳಾಟ ತಡೆಯುವ ತಂತ್ರಾಂಶದ ತೊಡಕನ್ನು ನಮ್ಮ ಖರೀದಿಯಿಂದ ಬಿಡಿಸಲಾಗದು. ‘ಎಪೆಕ್ಸ್ ಲೆಜೆಂಡ್ಸ್’ ಲಿನಕ್ಸ್‌ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಮೋಸದಾಟಗಾರರ ಕಾರಣ ಹೇಳಿ 2024ರ ಅಕ್ಟೋಬರ್ 31ರಂದು ಲಿನಕ್ಸ್‌ನವರಿಗೆ ಬಾಗಿಲು ಹಾಕಿದರು. ಆ ಆಟಕ್ಕೆ ಮೊದಲೇ ದುಡ್ಡು ಸುರಿದಿದ್ದ ಲಿನಕ್ಸ್ ಆಟಗಾರರು ಹೊರಗುಳಿದರು. ಹೀಗಾಗಿ ಆನ್‌ಲೈನ್ ಪೈಪೋಟಿಯ ಆಟಗಳ ಒಳಗಿನ ಸಾಮಗ್ರಿ ಕೊಳ್ಳುವ ಮುಂಚೆ ಹತ್ತು ಸಲ ಯೋಚಿಸಿ ಎನ್ನುತ್ತೇನೆ.

ಗಾಗ್ 2014ರ ಜುಲೈನಿಂದ ಲಿನಕ್ಸ್ ಆವೃತ್ತಿಗಳನ್ನೂ ಮಾರುತ್ತಿದೆ. ನಕಲು ತಡೆಯುವ ಬೀಗವಿಲ್ಲದ ಪ್ರತಿ ಕೊಡುತ್ತದೆ, ಕೊಂಡದ್ದು ನಿಜಕ್ಕೂ ನಿಮ್ಮದು. ಆದರೆ ಅದರ ಗ್ಯಾಲಕ್ಸಿ ಲಾಂಚರನ್ನು ಲಿನಕ್ಸ್‌ಗೆ ತನ್ನಿ ಎಂದು ಬಳಕೆದಾರರು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಸ್ಟೀಮ್‌ನಲ್ಲಿ ಲಿನಕ್ಸ್ ಆವೃತ್ತಿ ಕೊಟ್ಟ ಕೆಲವರು ಗಾಗ್‌ನಲ್ಲಿ ಅದನ್ನು ಹಾಕುವುದೇ ಇಲ್ಲ. ಇಚ್.ಐಒ 2013ರಿಂದ ಇದೆ, ಅದರ ಆ್ಯಪ್ ಲಿನಕ್ಸ್‌ನಲ್ಲಿ ಓಡುತ್ತದೆ. ವಿದ್ಯಾರ್ಥಿಗಳು ಮಾಡಿದ ಸಣ್ಣ ಆಟಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಕಾಣೆ. ಸ್ಟೀಮ್‌ನಲ್ಲಿ ಒಂದು ಆಟ ಇಡಲು 100 ಡಾಲರ್ ಕಟ್ಟಬೇಕು, 1,000 ಡಾಲರ್ ವ್ಯಾಪಾರವಾದ ಮೇಲಷ್ಟೇ ಅದು ಮರಳುತ್ತದೆ. ಇಚ್‌ನಲ್ಲಿ ಆ ಖರ್ಚಿಲ್ಲ.

ಆಟ ತೆರೆಯುವ ಸಂಕೇತಗಳನ್ನು, ಅಂದರೆ ಕೀಗಳನ್ನು, ಕಡಿಮೆ ಬೆಲೆಗೆ ಮಾರುವ ಬೂದು ಮಾರುಕಟ್ಟೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ನಮ್ಮಲ್ಲಿ ಅದರ ಸೆಳೆತ ಜೋರು. ಕದ್ದ ಕ್ರೆಡಿಟ್ ಕಾರ್ಡಿನಿಂದ ಕೊಂಡ ಕೀಗಳು ಅಲ್ಲಿ ಮಾರಾಟವಾಗುವುದುಂಟು. ಕಾರ್ಡಿನ ಒಡೆಯ ದೂರು ಕೊಟ್ಟಾಗ ದುಡ್ಡು ವಾಪಸ್ ಹೋಗುವುದು ಆಟ ಮಾಡಿದವರ ಜೇಬಿನಿಂದ. ‘ಫ್ಯಾಕ್ಟೋರಿಯೋ’ ಲಿನಕ್ಸ್‌ಗೆ ಅಚ್ಚುಕಟ್ಟಾದ ನೇಟಿವ್ ಆವೃತ್ತಿ ಕೊಡುವ ಆಟ. ಅದನ್ನು ಮಾಡಿದ ಜೆಕ್ ಕಂಪನಿ ವೂಬ್‌ನಿಂದ ಕದ್ದ 198 ಕೀಗಳು ತನ್ನಲ್ಲಿ ಮಾರಾಟವಾದದ್ದನ್ನು ಜಿ2ಎ ಎಂಬ ಮಾರುಕಟ್ಟೆ 2020ರಲ್ಲಿ ಒಪ್ಪಿಕೊಂಡು ಸುಮಾರು 40 ಸಾವಿರ ಡಾಲರ್ ತೆತ್ತಿತು. ಕೀ ಮಾರುವವರಿಂದ ಕೊಳ್ಳುವುದಕ್ಕಿಂತ ಕಳ್ಳಪ್ರತಿ ಇಳಿಸಿಕೊಳ್ಳುವುದೇ ವಾಸಿ ಎಂದು ಒಬ್ಬ ಪ್ರಕಾಶಕರು 2019ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಅಷ್ಟು ರೋಸಿಹೋಗಿದ್ದರು. ಹಬ್ಬದ ಸೇಲ್‌ಗೆ ಕಾದು ಅಂಗಡಿಯಲ್ಲೇ ಕೊಂಡರೆ ತಯಾರಕರಿಗೆ ಕಡಿಮೆಯಾದರೂ ಸಲ್ಲಬೇಕಾದದ್ದು ಸಲ್ಲುತ್ತದೆ.

ಲಿನಕ್ಸ್ ಗಿರಾಕಿ ಹೊರೆ ಎಂಬ ದೂರಿದೆ. ಮಾರಾಟದಲ್ಲಿ ಶೇ. 0.1 ಇದ್ದವರಿಂದ ಕ್ರ್ಯಾಶ್ ವರದಿಗಳಲ್ಲಿ ಶೇ. 20 ಬಂತು ಎಂದು ‘ಪ್ಲಾನೆಟರಿ ಆ್ಯನಿಹಿಲೇಶನ್’ ಆಟಕ್ಕೆ ಕೆಲಸ ಮಾಡಿದ ಒಬ್ಬರು ಹೇಳಿದ್ದನ್ನು ಜನ ಈಗಲೂ ಎತ್ತಿ ಹೇಳುತ್ತಾರೆ. ಇದಕ್ಕೆ ಎದುರಾಗಿ ‘ಡೆಲ್ಟಾ-ವಿ: ರಿಂಗ್ಸ್ ಆಫ್ ಸ್ಯಾಟರ್ನ್’ ಎಂಬ ಪೋಲೆಂಡಿನ ಆಟದ ತಯಾರಕರು 2021ರಲ್ಲಿ ತಮ್ಮ ಲೆಕ್ಕ ಬಿಚ್ಚಿಟ್ಟರು. ಮಾರಾಟದಲ್ಲಿ ಲಿನಕ್ಸ್ ಶೇ. 5.8, ದೋಷ ವರದಿಗಳಲ್ಲಿ ಶೇ. 38. ಲಿನಕ್ಸ್‌ನವರು ಕಳಿಸಿದ ಸುಮಾರು 400 ವರದಿಗಳಲ್ಲಿ ಲಿನಕ್ಸ್‌ಗೇ ಸೇರಿದ ತೊಂದರೆ 3 ಮಾತ್ರ. ಉಳಿದದ್ದೆಲ್ಲ ಎಲ್ಲರನ್ನೂ ಕಾಡುವ ದೋಷ. ಅವು ಮೊದಲು ಕಣ್ಣಿಗೆ ಬಿದ್ದದ್ದು, ಲಾಗ್ ಫೈಲ್ ಸಮೇತ ಕ್ರಮವಾಗಿ ಬರೆದು ಬಂದದ್ದು ಲಿನಕ್ಸ್‌ನವರಿಂದ. ಪ್ರಯೋಗಾಲಯದಲ್ಲಿ ಲಿನಕ್ಸ್ ಕಲಿತ ನಮ್ಮ ವಿದ್ಯಾರ್ಥಿಗಳಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಸಣ್ಣ ತಂಡಕ್ಕೆ ಅಂಥ ಒಂದು ವರದಿಯ ಬೆಲೆ ಹಲವು ಪ್ರತಿಗಳ ಮಾರಾಟಕ್ಕೆ ಸಮ.

ಅಂಗಡಿಯ ಹೊರಗಿನ ದಾರಿಯೂ ಉಂಟು. ‘ಡೆಲ್ಟಾ-ವಿ’ ಮಾಡಿದ್ದು ಗೊಡಾಟ್ ಎಂಜಿನ್‌ನಲ್ಲಿ. ಅದರಲ್ಲಿ ಲಿನಕ್ಸ್ ಆವೃತ್ತಿ ಹೊರತೆಗೆಯುವುದು ಹೆಚ್ಚಿನ ಶ್ರಮವಿಲ್ಲದ ಕೆಲಸ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಎಂಜಿನ್ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಹಾಕುತ್ತೇನೆ ಎಂದಾಗ ‘ಟೆರೇರಿಯಾ’ದ ತಯಾರಕರು ಗೊಡಾಟ್‌ಗೆ 1 ಲಕ್ಷ ಡಾಲರ್, ಎಫ್‌ಎನ್‌ಎ ಎಂಬ ಇನ್ನೊಂದು ಮುಕ್ತ ಯೋಜನೆಗೆ 1 ಲಕ್ಷ ಡಾಲರ್ ಕೊಟ್ಟರು. ಇದರಲ್ಲಿ ಕನ್ನಡಕ್ಕೂ ಒಂದು ಲಾಭ ಇದೆ. ಗೊಡಾಟ್‌ನ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದು ಕಾಣುತ್ತಿದ್ದವು. 2023ರ ಮಾರ್ಚ್‌ನಲ್ಲಿ ಬಂದ 4ನೇ ಆವೃತ್ತಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶ ಬಳಸಿ ಅವನ್ನು ಸರಿಯಾಗಿ ಜೋಡಿಸುತ್ತದೆ. ಲೋಹಿತ್‌ನಂಥ ಮುಕ್ತ ಫಾಂಟ್ ಹಾಕಿ ಇವತ್ತು ಯಾರು ಬೇಕಾದರೂ ಲಿನಕ್ಸ್‌ಗೆ ಕನ್ನಡದ ಆಟ ಮಾಡಬಹುದು. ಇಂಥ ಯೋಜನೆಗಳಿಗೆ ತಿಂಗಳಿಗೆ ನೂರಿನ್ನೂರು ರೂಪಾಯಿ ಕೊಡುವ ಅಭ್ಯಾಸ ನಮ್ಮ ಸಂಬಳದಾರ ಎಂಜಿನಿಯರುಗಳಲ್ಲಿ ಇನ್ನೂ ಬೆಳೆಯಬೇಕು.

ಹಾಗಾದರೆ ಆ ವಿದ್ಯಾರ್ಥಿನಿಗೆ ಏನು ಹೇಳುವುದು? ರಾಜಿಯನ್ನು ಸ್ಟೀಮ್‌ನಲ್ಲಿ ಕೊಳ್ಳಮ್ಮ ಎನ್ನುತ್ತೇನೆ. ನಾಡಿಂಗ್ ಹೆಡ್ಸ್‌ಗೆ ಎಪಿಕ್‌ಗಿಂತ ಕೆಲವು ರೂಪಾಯಿ ಕಡಿಮೆ ಸೇರಬಹುದು. ಆದರೆ ಲಿನಕ್ಸ್‌ನಲ್ಲಿ ಆಡುವ ಗಿರಾಕಿ ಒಬ್ಬರಿದ್ದಾರೆ ಎಂದು ಆ ತಂಡದ ವರದಿಯಲ್ಲಿ ನಮೂದಾಗುವುದು ಅಲ್ಲಿ ಮಾತ್ರ. ನೇಟಿವ್ ಲಿನಕ್ಸ್ ಆವೃತ್ತಿ ಕೊಟ್ಟ ಸಣ್ಣ ತಂಡದ ಆಟ ಇಚ್‌ನಲ್ಲಿ ಇದ್ದರೆ ಅಲ್ಲಿಯೇ ಕೊಳ್ಳು, ಪೂರ್ತಿ ಬೆಲೆಗೆ ಕೊಳ್ಳು. ಮೊದಲ ಎರಡು ವಾರ ವಿಂಡೋಸ್‌ಗೆ ಹೋಗದೆ ಲಿನಕ್ಸ್‌ನಲ್ಲೇ ಆಡು. ಆಡಿದ ಮೇಲೆ ಅಂಗಡಿಯ ಪುಟದಲ್ಲಿ ನಾಲ್ಕು ಸಾಲು ವಿಮರ್ಶೆ ಬರೆದು, ಯಾವ ಲಿನಕ್ಸ್, ಯಾವ ಪ್ರೋಟಾನ್, ಎಲ್ಲಿ ತೊಡಕಾಯಿತು ಎಂದು ಹೆಸರಿಸಿ ತಿಳಿಸು.